ಮೂಳೆ ಕರಗಿಸುವ ಕೋಶ ತಾನೇ ಯಾಕೆ ಕರಗುವುದಿಲ್ಲ?

ಮಂಡ್ಯ_ಬಯಾಲಜಿ:
ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ. ಮೂಳೆಯ ಪಾಠದಲ್ಲಿ ಆಸ್ಟಿಯೋಕ್ಲಾಸ್ಟ್ ವಿಷಯ ಬಂತು. ಹಳೇ ಮೂಳೆಯ ಮೇಲೆ ಆಮ್ಲ ಸುರಿದು ಕರಗಿಸುವ ಕೋಶ ಅಂತ ಹೇಳಿ ಮುಂದೆ ಹೋಗುತ್ತಿದ್ದೆ. ಒಬ್ಬಳು ಹುಡುಗಿ ಎದ್ದು, "ಮಿಸ್, ಮೂಳೆಯನ್ನೇ ಕರಗಿಸುವಷ್ಟು ಆಮ್ಲ ಇದ್ದರೆ ಆ ಕೋಶ ಹೇಗೆ ಬದುಕುತ್ತದೆ?" ಅಂದಳು. ಪುಸ್ತಕದಲ್ಲಿ ಉತ್ತರ ಇಲ್ಲ. ಇಲ್ಲಿ ಗೊತ್ತಿರುವವರು ಇದ್ದೀರಿ. ಸ್ವಲ್ಪ ಬಿಡಿಸಿ ಹೇಳಿ.

ಚಾಮುಂಡಿ_ವಾಕರ್:
ಅದಕ್ಕೇ ಅಲ್ವಾ ಅಲ್ಕಲೈನ್ ನೀರು ಕುಡಿಯಿರಿ ಅನ್ನುವುದು. ಮೈಯಲ್ಲಿ ಹುಳಿ ಜಾಸ್ತಿಯಾದರೆ ಮೂಳೆ ಸವೆಯುತ್ತದೆ. ನಮ್ಮ ವಾಕಿಂಗ್ ಗುಂಪಿನಲ್ಲಿ ಡೆಮೊ ಮಾಡಿ ತೋರಿಸಿದರು. ನಾನೂ ಮೆಷಿನ್ ಹಾಕಿಸಿದ್ದೇನೆ, ಲಕ್ಷದ ಮೇಲಾಯಿತು.

ಹಳೇ_ಮೇಷ್ಟ್ರು_ಸರಸ್ವತಿಪುರಂ:
ವಾಕರ್ ಸಾಹೇಬ್ರೇ, ನಿಮ್ಮ ಮೆಷಿನ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಹುಡುಗಿಯ ಪ್ರಶ್ನೆ. ನಾನು ಬಯೋಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತನಾದವನು, ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ. ಸಹಿಸಿಕೊಳ್ಳಿ.

ಆ ಕೋಶ ಆಮ್ಲವನ್ನು ಹೊಟ್ಟೆಯೊಳಗೆ ತುಂಬಿಕೊಂಡು ಕೂರುವುದಿಲ್ಲ. ತಯಾರಾದ ಹಾಗೆಲ್ಲ ಹೊರಗೆ ತಳ್ಳುತ್ತದೆ. ಒಳಗಿನ ಪಿಎಚ್, ಅಂದರೆ ಹುಳಿಯ ಅಳತೆ (ಕಮ್ಮಿಯಾದಷ್ಟೂ ಹುಳಿ ಜಾಸ್ತಿ), ಸುಮಾರು 7.2. ಬೇರೆ ಕೋಶಗಳ ಹಾಗೇ. ಮೂಳೆಗೆ ಅಂಟಿಕೊಂಡ ಕಡೆ, ಅಂದರೆ ತನ್ನ ಪೊರೆಯಿಂದ ಆಚೆಗೆ, ಪಿಎಚ್ ಸುಮಾರು 4.5. ನಮ್ಮ ಮನೆಯ ಹುಳಿ ಮೊಸರಿನಷ್ಟು ಅಂತ ಇಟ್ಟುಕೊಳ್ಳಿ. ಅಷ್ಟೇನಾ ಅನ್ನಬೇಡಿ. ಪಿಎಚ್ ಒಂದು ಇಳಿದರೆ ಪ್ರೋಟಾನ್, ಅಂದರೆ ಹುಳಿ ಕೊಡುವ ಹೈಡ್ರೋಜನ್ ಅಯಾನು, ಹತ್ತು ಪಟ್ಟು ಏರುತ್ತದೆ. 7.2ಕ್ಕೂ 4.5ಕ್ಕೂ ನಡುವೆ ಸುಮಾರು 500 ಪಟ್ಟು ವ್ಯತ್ಯಾಸ. ಅದನ್ನು ತಡೆದು ನಿಲ್ಲಿಸಿರುವುದು ಒಂದು ತೆಳು ಪೊರೆ.

ಕೆಲಸ ಶುರುವಾಗುವುದು ಅಂಟಿಕೊಳ್ಳುವುದರಿಂದ. ಆಸ್ಟಿಯೋಕ್ಲಾಸ್ಟ್ ದೊಡ್ಡ ಕೋಶ. ರಕ್ತದ ಮಾನೋಸೈಟ್ ಜಾತಿಯ ಕೋಶಗಳು ಹಲವು ಬೆಸೆದುಕೊಂಡು ಒಂದಾಗಿರುತ್ತವೆ, ಅದಕ್ಕೇ ಒಂದರೊಳಗೆ ಹತ್ತಾರು ನ್ಯೂಕ್ಲಿಯಸ್. ಇದು ಮೂಳೆಯ ಮೇಲೆ ಕುಳಿತು ಸುತ್ತಲೂ ಅಂಚನ್ನು ಬಿಗಿಯಾಗಿ ಒತ್ತುತ್ತದೆ. ಆಕ್ಟಿನ್ ಎಂಬ ಪ್ರೋಟೀನಿನ ಉಂಗುರವೇ ಅಲ್ಲಿ ಏಳುತ್ತದೆ. ಉಂಗುರದ ನಡುವಿನ ಜಾಗಕ್ಕೂ ಹೊರಗಿನ ರಸಕ್ಕೂ ಸಂಪರ್ಕ ತಪ್ಪುತ್ತದೆ. ಆಮೇಲೆ ಒಳಗಿನ ಲೈಸೋಸೋಮ್‌ಗಳು ಬಂದು ಆ ಕಡೆಯ ಪೊರೆಗೆ ಸೇರಿಕೊಳ್ಳುತ್ತವೆ. ಪೊರೆ ಸೀರೆಯ ನೆರಿಗೆಯಂತೆ ಮಡಚಿಕೊಳ್ಳುತ್ತದೆ. ಲೈಸೋಸೋಮ್ ಜೊತೆ ಅದರ ಪಂಪುಗಳೂ ಬಂದವು. ಅಲ್ಲಿಗೆ ಕೋಶ ತನ್ನ ಜೀರ್ಣದ ಚೀಲವನ್ನೇ ಹೊರಗಡೆ ಕಟ್ಟಿಕೊಂಡಂತಾಯಿತು.

ಪ್ರೋಟಾನ್ ಎಲ್ಲಿಂದ? ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನಿಂದ. ಇವೆರಡನ್ನು ಸೇರಿಸಿ ಒಂದು ಪ್ರೋಟಾನ್, ಒಂದು ಬೈಕಾರ್ಬನೇಟ್ ಮಾಡುವ ಎನ್‌ಜೈಮ್ ಕಾರ್ಬೋನಿಕ್ ಅನ್‌ಹೈಡ್ರೇಸ್-2. ಇದರ ವೇಗ ನಂಬುವಂಥದ್ದಲ್ಲ, ಒಂದು ಅಣು ಸೆಕೆಂಡಿಗೆ ಹತ್ತು ಲಕ್ಷದಷ್ಟು ಸಲ ಈ ಕೆಲಸ ಮಾಡಬಲ್ಲದು. ಬಂದ ಪ್ರೋಟಾನನ್ನು ವಿ-ಎಟಿಪೇಸ್ ಎಂಬ ಪಂಪು ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಮೂಳೆಯ ಕಡೆಗೆ ನೂಕುತ್ತದೆ. ಈ ಪಂಪು ನಿಜಕ್ಕೂ ತಿರುಗುತ್ತದೆ. ಮೋಟಾರು ತಿರುಗಿದ ಹಾಗೆ ಅಂತ ಅಲ್ಲ, ಅದು ಮೋಟಾರೇ.

ಈಗ ಅಸಲು ವಿಷಯ. ಪ್ರೋಟಾನ್ ಹೊರಗೆ ಹೋಯಿತು. ಬೈಕಾರ್ಬನೇಟ್? ಅದು ಒಳಗೇ ಉಳಿಯಿತು. ಒಂದೊಂದು ಪ್ರೋಟಾನ್ ಹೋದಾಗಲೂ ಒಂದೊಂದು ಬೈಕಾರ್ಬನೇಟ್ ಬಾಕಿ. ಅದು ಕ್ಷಾರ. ಆದ್ದರಿಂದ ಕೆಲಸ ಮಾಡುತ್ತಿರುವ ಆಸ್ಟಿಯೋಕ್ಲಾಸ್ಟಿಗೆ ದೊಡ್ಡ ಭಯ ಒಳಗೆ ಹುಳಿಯಾಗುವುದಲ್ಲ, ಒಳಗೆ ಕ್ಷಾರವಾಗುವುದು. ನಿಮ್ಮ ವಿದ್ಯಾರ್ಥಿನಿಗೆ ಇದನ್ನೇ ಮೊದಲು ಹೇಳಿ. ಖುಷಿಯಾಗುತ್ತಾಳೆ.

ಇದಕ್ಕೆ ಪರಿಹಾರ ಕೋಶದ ಬೆನ್ನ ಕಡೆ ಇದೆ, ಮೂಳೆಗೆ ತಿರುಗಿದ ಕಡೆಯಲ್ಲ. ಅಲ್ಲಿ ಎಇ2 ಎಂಬ ಪ್ರೋಟೀನ್ ಒಂದು ಬೈಕಾರ್ಬನೇಟನ್ನು ಹೊರಗೆ ಬಿಟ್ಟು ಒಂದು ಕ್ಲೋರೈಡನ್ನು ಒಳಗೆ ತರುತ್ತದೆ. ಆ ಕ್ಲೋರೈಡ್ ವ್ಯರ್ಥವಾಗುವುದಿಲ್ಲ. ಮುಂದುಗಡೆ ಪ್ರೋಟಾನ್ ಮಾತ್ರ ಹೋಗುತ್ತಾ ಇದ್ದರೆ ಧನ ವಿದ್ಯುತ್ ಕೂಡಿಕೊಂಡು ಪಂಪು ನಿಂತುಹೋಗುತ್ತದೆ. ಅದಕ್ಕೆ ಜೊತೆಯಾಗಿ ಕ್ಲೋರೈಡ್ ಹೋಗಬೇಕು. ಹೋಗುವುದು ಸಿಎಲ್‌ಸಿ-7 ಎಂಬ ಇನ್ನೊಂದು ಪ್ರೋಟೀನಿನ ಮೂಲಕ. ಕಡೆಗೆ ಆ ಉಂಗುರದ ನಡುವೆ ಮೂಳೆಯಲ್ಲಿ ಏಳುವ ಗುಂಡಿಗೆ ಬೀಳುವುದು ಹೈಡ್ರೋಕ್ಲೋರಿಕ್ ಆಮ್ಲ. ಬೆನ್ನ ಕಡೆ ರಕ್ತಕ್ಕೆ ಸೇರುವುದು ಬೈಕಾರ್ಬನೇಟ್. ನಡುವೆ ಕೋಶ ತಣ್ಣಗೆ 7.2ರಲ್ಲಿ ಕೂತಿರುತ್ತದೆ.

ಮಂಡ್ಯ_ಬಯಾಲಜಿ:
ಅಬ್ಬಾ. ನಾನು ತದ್ವಿರುದ್ಧ ಯೋಚನೆ ಮಾಡುತ್ತಿದ್ದೆ. ಇದನ್ನು ಯಾರಾದರೂ ಅಳೆದು ನೋಡಿದ್ದಾರಾ ಸಾರ್, ಇಲ್ಲ ಲೆಕ್ಕಾಚಾರವಾ?

ಗಂಗೋತ್ರಿ_ಲ್ಯಾಬ್:
ಮೇಡಂ, ಅಳೆದಿದ್ದಾರೆ. ನಾನು ಮಾನಸಗಂಗೋತ್ರಿಯಲ್ಲಿ ಸಂಶೋಧನೆ ಮಾಡುತ್ತಿರುವವನು, ವಿಷಯ ಬೇರೆ, ಆದರೆ ಈ ಪೇಪರುಗಳನ್ನು ಸೆಮಿನಾರಿಗೆ ಓದಿದ್ದೆ. 1989ರಲ್ಲಿ ಅಮೆರಿಕದಲ್ಲಿ ಎರಡು ಮುಖ್ಯ ಕೆಲಸಗಳು ಬಂದವು. ಒಂದರಲ್ಲಿ ಹ್ಯಾರಿ ಬ್ಲೇರ್, ಸ್ಟೀವನ್ ಟೈಟಲ್‌ಬಾಮ್ ಮತ್ತು ಜೊತೆಗಾರರು ಮೂಳೆಯ ಕಡೆಯ ಪೊರೆಯಲ್ಲಿ ಆ ಪ್ರೋಟಾನ್ ಪಂಪು ಇರುವುದನ್ನು ತೋರಿಸಿದರು. ಇನ್ನೊಂದರಲ್ಲಿ ಅನ್ನಾ ಟೆಟಿ ಮತ್ತು ಜೊತೆಗಾರರು ಕೋಶದೊಳಗಿನ ಪಿಎಚ್ಚನ್ನೇ ಹಿಡಿದರು. ಪಿಎಚ್ ಬದಲಾದರೆ ಹೊಳಪು ಬದಲಾಗುವ ಬಣ್ಣವನ್ನು ಕೋಶದೊಳಗೆ ಸೇರಿಸಿ ನೋಡುವುದು. ಸುತ್ತಲಿನ ದ್ರವದಿಂದ ಕ್ಲೋರೈಡ್ ತೆಗೆದರೆ ಒಳಗೆ ಕ್ಷಾರ ಏರಿತು. ಕ್ಲೋರೈಡ್–ಬೈಕಾರ್ಬನೇಟ್ ವಿನಿಮಯ ತಡೆಯುವ ರಾಸಾಯನಿಕ ಹಾಕಿದರೆ ಮೂಳೆ ಕರಗಿಸುವ ಕೆಲಸವೂ ಕುಂಠಿತವಾಯಿತು. ಮೇಷ್ಟ್ರು ಹೇಳಿದ ಬೆನ್ನ ಕಡೆಯ ಬಾಗಿಲು ಅದೇ.

ಅಂದ ಹಾಗೆ ಆ ಕೋಶಗಳು ಮನುಷ್ಯರದ್ದಲ್ಲ, ಕೋಳಿಯದ್ದು.

ಕೋಳಿ_ಫಾರಂ_ಮದ್ದೂರು:
ಕೋಳಿ ಅಂದ ಮೇಲೆ ನಾನು ಬರಲೇಬೇಕು. ಕೋಳಿಯದ್ದೇ ಯಾಕೆ?

ಗಂಗೋತ್ರಿ_ಲ್ಯಾಬ್:
ಅಣ್ಣಾ, ನಿಮಗೆ ಗೊತ್ತಿರುವ ವಿಷಯವೇ. ಮೊಟ್ಟೆ ಇಡುವ ಕೋಳಿಯ ಕಾಲಿನ ಮೂಳೆಯ ಒಳಗೆ ಇನ್ನೊಂದು ಥರದ ಮೂಳೆ ಬೆಳೆಯುತ್ತದೆ, ಮೆಡುಲರಿ ಮೂಳೆ ಅಂತ. ಅದು ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ದಾಸ್ತಾನು. ರಾತ್ರಿ ಚಿಪ್ಪು ಕಟ್ಟುವಾಗ ಮೇವಿನ ಕ್ಯಾಲ್ಸಿಯಂ ಸಾಲದಿದ್ದರೆ ಇದನ್ನು ಕರಗಿಸಿಕೊಳ್ಳುತ್ತದೆ. ಮೇವಲ್ಲಿ ಕ್ಯಾಲ್ಸಿಯಂ ಕಮ್ಮಿ ಮಾಡಿದರೆ ಅಲ್ಲಿ ಆಸ್ಟಿಯೋಕ್ಲಾಸ್ಟ್‌ಗಳು ರಾಶಿ ಬೀಳುತ್ತವೆ. ಲ್ಯಾಬಿನವರಿಗೆ ಅದೇ ಬೇಕಿತ್ತು. ಇಲಿಯಲ್ಲಿ, ಮನುಷ್ಯರಲ್ಲಿ ಈ ಕೋಶ ಬಹಳ ವಿರಳ, ಬಿಡಿಸಿ ತೆಗೆಯುವುದು ಕಷ್ಟ.

ಕೋಳಿ_ಫಾರಂ_ಮದ್ದೂರು:
ಸರಿ ಸರಿ. ಅದಕ್ಕೇ ಲೇಯರ್ ಫೀಡಿಗೆ ಕಲ್ಲಿನ ಪುಡಿ, ಕಪ್ಪೆಚಿಪ್ಪು ಹಾಕುವುದು. ಹಾಕದಿದ್ದರೆ ಚಿಪ್ಪು ತೆಳ್ಳಗೆ, ಕೋಳಿ ಕಾಲಲ್ಲಿ ನಿಲ್ಲುವುದಿಲ್ಲ. ನೀವು ಹೇಳಿದ್ದು ನಮ್ಮ ಶೆಡ್ಡಿನಲ್ಲೇ ಕಾಣುತ್ತದೆ.

ಗಂಗೋತ್ರಿ_ಲ್ಯಾಬ್:
ಸಿಎಲ್‌ಸಿ-7 ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮೊದಲು ಅದನ್ನು ಸುಮ್ನೆ ಕ್ಲೋರೈಡ್ ಹೋಗುವ ರಂಧ್ರ ಅಂದುಕೊಂಡಿದ್ದರು. ಆಮೇಲೆ ಗೊತ್ತಾಯಿತು, ಅದು ಎರಡು ಕ್ಲೋರೈಡ್ ಹೊರಗೆ ಕಳಿಸಿ ಒಂದು ಪ್ರೋಟಾನನ್ನು ವಾಪಸ್ ಒಳಗೆ ತರುತ್ತದೆ. ಕಷ್ಟಪಟ್ಟು ಹೊರಗೆ ಹಾಕಿದ ಪ್ರೋಟಾನನ್ನು ಯಾಕೆ ವಾಪಸ್ ತರಬೇಕು ಅಂತ ಇವತ್ತಿಗೂ ಚರ್ಚೆ ಇದೆ. ಇನ್ನು ಒಳಗೆ ಹುಳಿ ಏರಿದರೂ ದಾರಿ ಇದೆ. ಸೋಡಿಯಂ ಒಳಗೆ ಬಿಟ್ಟು ಪ್ರೋಟಾನ್ ಹೊರಗೆ ಹಾಕುವ ಪ್ರೋಟೀನ್ ಒಂದು, ಒಳಗೆ ಆಮ್ಲ ಜಾಸ್ತಿಯಾದಾಗ ತೆರೆದುಕೊಳ್ಳುವ ಪ್ರೋಟಾನ್ ಚಾನೆಲ್ ಇನ್ನೊಂದು. ಎರಡೂ ಕಡೆಗೆ ಕಾವಲು.

ಕುವೆಂಪುನಗರ_ಮಗಳು:
ಇಷ್ಟೊಂದು ಪ್ರೋಟೀನ್‌ಗಳಲ್ಲಿ ಒಂದು ಕೆಟ್ಟರೆ ಏನಾಗುತ್ತದೆ?

ಹಳೇ_ಮೇಷ್ಟ್ರು_ಸರಸ್ವತಿಪುರಂ:
ಮಗಳೇ, ಅದನ್ನು ನಮಗೆ ತೋರಿಸಿಕೊಟ್ಟವರು ಪಾಪ ಕಾಯಿಲೆಯ ಮಕ್ಕಳು. ಆಸ್ಟಿಯೋಪೆಟ್ರೋಸಿಸ್ ಎಂಬ ಕಾಯಿಲೆ ಇದೆ. ಆಲ್ಬರ್ಸ್-ಶೋನ್‌ಬರ್ಗ್ ಎಂಬ ಜರ್ಮನ್ ಎಕ್ಸ್‌ರೇ ವೈದ್ಯ 1904ರಲ್ಲಿ ವಿವರಿಸಿದ. ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ, ಗಟ್ಟಿಯಾಗಿ, ಅಮೃತಶಿಲೆಯಂತೆ ಕಾಣುತ್ತದೆ. ಆದರೆ ಬೇಗ ಮುರಿಯುತ್ತದೆ. ಹಳೆಯದನ್ನು ತೆಗೆಯುವವರಿಲ್ಲ, ಹೊಸದು ಮಾತ್ರ ಸೇರುತ್ತಾ ಹೋಗುತ್ತದೆ. ಮಜ್ಜೆಗೆ ಜಾಗ ಇರುವುದಿಲ್ಲ, ರಕ್ತಹೀನತೆ ಬರುತ್ತದೆ. ಕಣ್ಣಿನ ನರ ಹೋಗುವ ದಾರಿ ಕಿರಿದಾಗಿ ದೃಷ್ಟಿ ಹೋಗಬಹುದು.

ಇದರ ಕಾರಣಗಳನ್ನು ನೋಡಿ. 1983ರಲ್ಲಿ ವಿಲಿಯಂ ಸ್ಲೈ ಮತ್ತು ಜೊತೆಗಾರರು ಕಾರ್ಬೋನಿಕ್ ಅನ್‌ಹೈಡ್ರೇಸ್-2 ಇಲ್ಲದ ಕುಟುಂಬವೊಂದನ್ನು ಕಂಡರು. ಆ ಮಕ್ಕಳಿಗೆ ಮೂಳೆ ಕಾಯಿಲೆಯ ಜೊತೆಗೆ ಕಿಡ್ನಿ ಆಮ್ಲ ಹೊರಹಾಕದ ತೊಂದರೆಯೂ ಇತ್ತು, ಯಾಕೆಂದರೆ ಅದೇ ಎನ್‌ಜೈಮ್ ಕಿಡ್ನಿಗೂ ಬೇಕು. 2000ದಲ್ಲಿ ಪಂಪಿನ ಒಂದು ಭಾಗದ ಜೀನ್ ಸಿಕ್ಕಿತು. ಎಳೆ ಮಕ್ಕಳಲ್ಲಿ ಬರುವ ತೀವ್ರ ರೂಪಕ್ಕೆ ಅತಿ ಹೆಚ್ಚು ಸಲ ಕಾರಣವಾಗುವುದು ಅದೇ. 2001ರಲ್ಲಿ ಸಿಎಲ್‌ಸಿ-7. ಪ್ರೋಟಾನ್ ಮಾಡುವುದು, ನೂಕುವುದು, ಕ್ಲೋರೈಡ್ ಕಳಿಸುವುದು, ಯಾವುದು ತಪ್ಪಿದರೂ ಫಲ ಒಂದೇ. ವಿಚಿತ್ರ ಅಂದರೆ ಇಂಥ ಮಕ್ಕಳಲ್ಲಿ ಬಹಳ ಸಲ ಆಸ್ಟಿಯೋಕ್ಲಾಸ್ಟ್‌ಗಳ ಸಂಖ್ಯೆಗೆ ಕೊರತೆ ಇರುವುದಿಲ್ಲ. ಬಂದು ಕೂತಿರುತ್ತವೆ, ಕೆಲಸ ಮಾತ್ರ ಆಗುವುದಿಲ್ಲ.

ಇವು ರಕ್ತದ ಮೂಲಕೋಶದಿಂದ ಹುಟ್ಟುವ ಕೋಶಗಳಲ್ವಾ, ಹಾಗಾಗಿ ತೀವ್ರ ರೂಪದಲ್ಲಿ ಅಸ್ಥಿಮಜ್ಜೆ ಕಸಿ ಮಾಡಿದರೆ ಗುಣವಾಗುವ ಅವಕಾಶ ಇದೆ. ಬೇಗ ಮಾಡಬೇಕು. ಹೋದ ದೃಷ್ಟಿ ವಾಪಸ್ ಬರುವುದು ಕಷ್ಟ.

ಮುದ್ದೆ_ಬಸ್ಸಾರು:
ಸಾರ್, ಇದು ನೆಂಟರೊಳಗೆ ಮದುವೆಯಾದರೆ ಬರುವುದಾ? ನಮ್ಮ ಕಡೆ ಸೋದರಮಾವ, ಅತ್ತೆ ಮಗ ಅಂತ ಕೊಟ್ಟು ತರುವುದು ಮಾಮೂಲು.

ಹಳೇ_ಮೇಷ್ಟ್ರು_ಸರಸ್ವತಿಪುರಂ:
ನೆಂಟರ ಮದುವೆಯಿಂದ ಕಾಯಿಲೆ ಹುಟ್ಟುವುದಿಲ್ಲಪ್ಪ. ತೀವ್ರ ರೂಪಗಳಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು, ಜೀನಿನ ಎರಡೂ ಕೆಟ್ಟ ಪ್ರತಿ ಸೇರಬೇಕು. ಒಂದೇ ಅಜ್ಜ–ಅಜ್ಜಿಯ ಕುಡಿಗಳಾದರೆ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇರುವ ಸಂಭವ ಜಾಸ್ತಿ. ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಹೊತ್ತ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಅವಕಾಶ. ಮನೆತನದಲ್ಲಿ ಇಂಥ ಮಗು ಹುಟ್ಟಿದ್ದರೆ ಮದುವೆಗೆ ಮುಂಚೆಯೇ ಜೆನೆಟಿಕ್ಸ್ ವೈದ್ಯರನ್ನು ಕೇಳಿ. ಜಾತಕ ನೋಡುವ ಹೊತ್ತಲ್ಲೇ ಇದನ್ನೂ ನೋಡಿಬಿಡಬಹುದು.

ಕೋಳಿ_ಫಾರಂ_ಮದ್ದೂರು:
ಆ ಬೆನ್ನ ಕಡೆಯ ಬಾಗಿಲು, ಎಇ2, ಅದು ಕೆಟ್ಟರೆ?

ಗಂಗೋತ್ರಿ_ಲ್ಯಾಬ್:
ಅಣ್ಣಾ, ಅದಕ್ಕೂ ನಿಮ್ಮಂಥ ಸಾಕಣೆದಾರರ ಕೊಟ್ಟಿಗೆಯಿಂದಲೇ ಉತ್ತರ ಬಂತು. ರೆಡ್ ಆಂಗಸ್ ಅನ್ನುವ ದನದ ತಳಿಯಲ್ಲಿ ಕರುಗಳು ಆಸ್ಟಿಯೋಪೆಟ್ರೋಸಿಸ್‌ನಿಂದ ಸಾಯುತ್ತಿದ್ದವು. 2010ರಲ್ಲಿ ಕಾರಣ ಸಿಕ್ಕಿತು. ಎಇ2 ಮಾಡುವ ಜೀನಿನ ಒಂದು ತುಂಡೇ ಅಳಿಸಿಹೋಗಿತ್ತು. ಮೇಡಂ, ನಿಮ್ಮ ಕ್ಲಾಸಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆ ಕರುಗಳಲ್ಲಿ ಪಂಪು ಸರಿ ಇದೆ, ಎನ್‌ಜೈಮ್ ಸರಿ ಇದೆ. ಒಳಗಿನ ಕ್ಷಾರ ಹೊರಹಾಕಲು ಆಗದೆ, ಕ್ಲೋರೈಡೂ ಸಿಗದೆ ಕೆಲಸ ಕೆಟ್ಟಿತು.

ಕುವೆಂಪುನಗರ_ಮಗಳು:
ನಾನು ಕೇಳಿದ್ದಕ್ಕೆ ಕಾರಣ ಅಮ್ಮ. ಅವರಿಗೆ ಇದರ ಉಲ್ಟಾ ತೊಂದರೆ, ಮೂಳೆ ಸವೆತ. ವಾರಕ್ಕೊಂದು ಅಲೆಂಡ್ರೋನೇಟ್ ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದು, ಕಾಫಿ ಕುಡಿಯಬಾರದು. ಫಿಲ್ಟರ್ ಕಾಫಿ ಇಲ್ಲದೆ ಅರ್ಧ ಗಂಟೆ ಅಂದರೆ ಅಮ್ಮನಿಗೆ ಶಿಕ್ಷೆ. ಬರೆದುಕೊಟ್ಟವರು ಯಾಕೆ ಅಂತ ಹೇಳಲಿಲ್ಲ. ಕೇಳಿದರೆ ಮುಂದಿನ ಪೇಷಂಟ್ ಕರೆದರು. ಆ ಮಾತ್ರೆ ಈ ಪಂಪನ್ನೇ ನಿಲ್ಲಿಸುತ್ತದಾ?

ನರ್ಸ್_ಅಕ್ಕ:
ತಂಗಿ, ಮೊದಲು ಶಿಕ್ಷೆಯ ವಿಷಯ. ಆ ಮಾತ್ರೆ ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ನೂರರಲ್ಲಿ ಒಂದು ಭಾಗಕ್ಕಿಂತ ಕಮ್ಮಿ. ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಹೋದರೆ ಅದೂ ಇಲ್ಲ. ಬರೀ ನೀರು, ದೊಡ್ಡ ಲೋಟದ ತುಂಬ. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ನಿಂತು ಹುಣ್ಣು ಮಾಡುತ್ತದೆ. ಅಮ್ಮನಿಗೆ ಇಷ್ಟು ಹೇಳಿ, ಕೋಪ ಇಳಿಯುತ್ತದೆ.

ಹಳೇ_ಮೇಷ್ಟ್ರು_ಸರಸ್ವತಿಪುರಂ:
ಅದು ಪಂಪನ್ನು ನಿಲ್ಲಿಸುವುದಿಲ್ಲ ಮಗಳೇ. ಅದರ ಆಟ ಇನ್ನೂ ಚೆನ್ನಾಗಿದೆ. ಮಾತ್ರೆಯ ಅಂಶ ಹೋಗಿ ಮೂಳೆಯ ಖನಿಜಕ್ಕೆ ಅಂಟಿಕೊಂಡು ಕೂರುತ್ತದೆ. ಆಸ್ಟಿಯೋಕ್ಲಾಸ್ಟ್ ಬಂದು ಹುಳಿ ಸುರಿದಾಗ ಆ ಅಂಟು ಬಿಡುತ್ತದೆ. ಕರಗಿದ ಮೂಳೆಯ ಜೊತೆ ಅದನ್ನೂ ಕೋಶವೇ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಹೋದ ಮೇಲೆ ಅದು ಒಂದು ಎನ್‌ಜೈಮನ್ನು ತಡೆಯುತ್ತದೆ, ನೆರಿಗೆಯ ಪೊರೆ, ಬಿಗಿ ಉಂಗುರ ಎಲ್ಲ ಹಾಳಾಗಿ ಕೋಶ ಕೆಲಸ ನಿಲ್ಲಿಸುತ್ತದೆ. ತಾನು ಸುರಿದ ಆಮ್ಲದಿಂದಲೇ ತನಗೆ ವಿಷ ಬಿಡಿಸಿಕೊಂಡ ಹಾಗೆ. ಬೇರೆ ಕೋಶಗಳು ಮೂಳೆ ಕರಗಿಸುವುದಿಲ್ಲ, ಅವಕ್ಕೆ ಅಷ್ಟು ತಾಗುವುದಿಲ್ಲ. ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವ ಔಷಧ ಇದು. ಅದಕ್ಕೇ ಕೆಲವು ವರ್ಷ ಕೊಟ್ಟು, ಮುಂದುವರಿಸಬೇಕಾ ಬಿಡಬೇಕಾ ಅಂತ ವೈದ್ಯರು ಮತ್ತೆ ನೋಡುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ.

ನೇರವಾಗಿ ಪಂಪನ್ನೇ ಹಿಡಿಯುವ ಔಷಧ ಯಾಕಿಲ್ಲ ಅಂದರೆ, ಅದೇ ಜಾತಿಯ ಪಂಪು ನಮ್ಮ ಎಲ್ಲ ಕೋಶಗಳ ಲೈಸೋಸೋಮಿನಲ್ಲೂ ಇದೆ, ಕಿಡ್ನಿಯಲ್ಲೂ ಇದೆ. ಬಾಫಿಲೋಮೈಸಿನ್ ಎಂಬ ವಸ್ತು ಅದನ್ನು ಚೆನ್ನಾಗಿ ತಡೆಯುತ್ತದೆ. ಮನುಷ್ಯರಿಗೆ ಕೊಡುವಂತಿಲ್ಲ, ಎಲ್ಲ ಕಡೆಯೂ ತಡೆಯುತ್ತದೆ.

ಮುದ್ದೆ_ಬಸ್ಸಾರು:
ಹಾಗಾದರೆ ಗ್ಯಾಸ್ ಮಾತ್ರೆ? ಅದೂ ಆಮ್ಲದ ಪಂಪು ತಡೆಯುವುದು ಅಲ್ವಾ. ನಮ್ಮಪ್ಪ ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗುತ್ತಾರೆ. ಮೂಳೆಗೆ ಒಳ್ಳೆಯದೇ ಆಯಿತಲ್ಲ!

ನರ್ಸ್_ಅಕ್ಕ:
ಇಲ್ಲ ತಮ್ಮ, ಅದು ಜಠರದ ಪಂಪು, ಬೇರೆ ಜಾತಿ. ಅದು ಪ್ರೋಟಾನ್ ಕಳಿಸಿ ಪೊಟ್ಯಾಸಿಯಂ ಒಳಗೆ ತರುವಂಥದ್ದು. ಗ್ಯಾಸ್ ಮಾತ್ರೆ ವರ್ಷಾನುಗಟ್ಟಲೆ ತೆಗೆದುಕೊಂಡವರಲ್ಲಿ ಮೂಳೆ ಮುರಿತ ಸ್ವಲ್ಪ ಜಾಸ್ತಿ ಕಂಡಿದೆ, ಕಮ್ಮಿಯಲ್ಲ. ಮಾತ್ರೆಯೇ ಕಾರಣವಾ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಅಪ್ಪನಿಗೆ ಅದು ಇನ್ನೂ ಬೇಕಾ ಅಂತ ಡಾಕ್ಟರನ್ನು ಒಂದು ಸಲ ಕೇಳಿ. ಅವರು ಕ್ಯಾಲ್ಸಿಯಂ ಕಾರ್ಬನೇಟ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಊಟದ ಜೊತೆ ಕೊಡಿ, ಅದು ಕರಗಲು ಹೊಟ್ಟೆಯ ಹುಳಿ ಬೇಕು. ಸಿಟ್ರೇಟ್ ಆದರೆ ಆ ತಾಪತ್ರಯ ಇಲ್ಲ.

ಚಾಮುಂಡಿ_ವಾಕರ್:
ಎಲ್ಲ ಓದಿದೆ. ನನ್ನ ಮೆಷಿನ್ ವಿಷಯಕ್ಕೆ ಬರುತ್ತೇನೆ ಅಂದಿರಿ ಮೇಷ್ಟ್ರೇ. ಮೂಳೆ ಕರಗುವುದು ಆಮ್ಲದಿಂದಲೇ ಅಂತ ನೀವೇ ಒಪ್ಪಿದಿರಿ. ಹಾಗಾದರೆ ಕ್ಷಾರದ ನೀರು ಒಳ್ಳೆಯದೇ ತಾನೇ?

ಹಳೇ_ಮೇಷ್ಟ್ರು_ಸರಸ್ವತಿಪುರಂ:
ಬಂದೆ. ಅರ್ಧ ಮಾತು ನಿಮ್ಮದು ಸರಿ, ಅದನ್ನು ಮೊದಲು ಹೇಳುತ್ತೇನೆ. 1986ರಲ್ಲಿ ಟಿಮ್ ಆರ್ನೆಟ್ ಮತ್ತು ಡೇವಿಡ್ ಡೆಂಪ್‌ಸ್ಟರ್ ಇಲಿಯ ಆಸ್ಟಿಯೋಕ್ಲಾಸ್ಟ್‌ಗಳನ್ನು ತಟ್ಟೆಯಲ್ಲಿಟ್ಟು ಸುತ್ತಲಿನ ದ್ರವದ ಪಿಎಚ್ ಬದಲಿಸಿ ನೋಡಿದರು. 7.4ರಲ್ಲಿ ಅವು ಹೆಚ್ಚುಕಮ್ಮಿ ಸುಮ್ಮನಿದ್ದವು. 7ರ ಹತ್ತಿರಕ್ಕೆ ಇಳಿಸಿದರೆ ಚುರುಕಾಗಿ ಗುಂಡಿ ತೋಡಿದವು. ಸುತ್ತಲೂ ಸ್ವಲ್ಪ ಹುಳಿಯಾದರೂ ಈ ಕೋಶಕ್ಕೆ ಗೊತ್ತಾಗುತ್ತದೆ. ಕಿಡ್ನಿ ಕೆಟ್ಟವರಲ್ಲಿ ಮೂಳೆ ಸವೆಯಲು ಇದೂ ಒಂದು ಕಾರಣ. ಅಂಥವರಿಗೆ ರಕ್ತದ ಬೈಕಾರ್ಬನೇಟ್ ನೋಡಿ ಸೋಡಾ ಮಾತ್ರೆ ಕೊಡುತ್ತಾರೆ.

ಆದರೆ ನಿಮ್ಮ ಕಿಡ್ನಿ, ಶ್ವಾಸಕೋಶ ಚೆನ್ನಾಗಿದ್ದರೆ ರಕ್ತದ ಪಿಎಚ್ 7.35ರಿಂದ 7.45ರೊಳಗೇ ಇರುತ್ತದೆ. ಹುಣಸೆ ಹುಳಿ ಉಂಡರೂ ಅಷ್ಟೇ, ನಿಮ್ಮ ಮೆಷಿನ್ ನೀರು ಕುಡಿದರೂ ಅಷ್ಟೇ. ಶ್ವಾಸಕೋಶ ದಿನಕ್ಕೆ ಸುಮಾರು 15,000 ಮಿಲಿಮೋಲ್ ಕಾರ್ಬನ್ ಡೈಆಕ್ಸೈಡ್ ಹೊರಹಾಕುತ್ತದೆ. ಇದರ ಮುಂದೆ ಒಂದು ಲೋಟ ನೀರಿನ ಕ್ಷಾರ ಲೆಕ್ಕಕ್ಕೇ ಬರುವುದಿಲ್ಲ. ಅದೂ ಅಲ್ಲದೆ ನೀರು ಮೊದಲು ಬೀಳುವುದು ಜಠರಕ್ಕೆ. ಅಲ್ಲಿ ಪಿಎಚ್ 2ರ ಆಸುಪಾಸು. ನಿಮ್ಮ ಲಕ್ಷ ರೂಪಾಯಿಯ ಕ್ಷಾರ ಅಲ್ಲೇ ಮುಗಿಯಿತು.

ಇನ್ನೊಂದು ಮಾತು. ಮೂಳೆ ಕರಗಿಸುವ ಆ 4.5ರ ಹುಳಿ ನೀವು ತಿಂದದ್ದರಿಂದ ಬಂದದ್ದಲ್ಲ. ಆಮೇಲೆ ಆ ಕೋಶ ನಿಮ್ಮ ಶತ್ರುವೂ ಅಲ್ಲ. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ನೂರರಲ್ಲಿ ಹತ್ತು ಭಾಗ ಹಳೆಯದು ಹೋಗಿ ಹೊಸದು ಬರುವುದು ಇದು ತೋಡಿಕೊಟ್ಟ ಗುಂಡಿಗಳಲ್ಲೇ. ಡೆಮೊದವರು ಇದನ್ನೆಲ್ಲ ಹೇಳಿರಲಿಕ್ಕಿಲ್ಲ.

ಚಾಮುಂಡಿ_ವಾಕರ್:
ಮನೆಯಲ್ಲಿ ಹೆಂಡತಿ ಇದನ್ನೇ ಬೇರೆ ಮಾತಲ್ಲಿ ಹೇಳಿದ್ದಳು, ಸ್ವಲ್ಪ ಖಾರವಾಗಿ. ಹಾಗಾದರೆ ಮೂಳೆಗೆ ಏನು ಮಾಡಬೇಕು?

ನರ್ಸ್_ಅಕ್ಕ:
ನಡೆಯುತ್ತೀರಲ್ಲ, ಅದು ಬಿಡಬೇಡಿ. ಬೆಟ್ಟದ ಮೆಟ್ಟಿಲು ಹತ್ತುವ ಮಂಡಿ ಇದ್ದರೆ ಇನ್ನೂ ಒಳ್ಳೆಯದು. ಬೀಡಿ ಸಿಗರೇಟು ಬೇಡ. ವಿಟಮಿನ್ ಡಿ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ದೊಡ್ಡವರಿಗೆ.

ಮುದ್ದೆ_ಬಸ್ಸಾರು:
ಅದಕ್ಕೆ ನಾವಿದ್ದೇವೆ. ನೂರು ಗ್ರಾಂ ರಾಗಿ ಹಿಟ್ಟಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ. ಎರಡು ಮುದ್ದೆ, ಸೊಪ್ಪಿನ ಬಸ್ಸಾರು, ಮೇಲೊಂದು ಲೋಟ ಮಜ್ಜಿಗೆ. ಮೆಷಿನ್ ಬೇಡ.

ನರ್ಸ್_ಅಕ್ಕ:
ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ ತಮ್ಮ, ಫೈಟೇಟ್ ಅಂಶ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಅದು ಕಮ್ಮಿಯಾಗುತ್ತದೆ. ಆದರೂ ನಿನ್ನ ಊಟಕ್ಕೆ ನನ್ನ ವೋಟು.

ಮಂಡ್ಯ_ಬಯಾಲಜಿ:
ಇನ್ನು ಎರಡು ಪ್ರಶ್ನೆ ಸಾರ್. ಗುಂಡಿಗೆ ಸುರಿದ ಆಮ್ಲ ಕಡೆಗೆ ಎಲ್ಲಿಗೆ ಹೋಗುತ್ತದೆ? ಮತ್ತೆ ಇದನ್ನು ಕ್ಲಾಸಿನಲ್ಲಿ ಮಾಡಿ ತೋರಿಸುವ ಹಾಗೆ ಏನಾದರೂ ಇದೆಯಾ? ಮೊಟ್ಟೆ ಚಿಪ್ಪಿಗೆ ವಿನಿಗರ್ ಹಾಕಿದರೆ ಆಗುತ್ತದಾ?

ಹಳೇ_ಮೇಷ್ಟ್ರು_ಸರಸ್ವತಿಪುರಂ:
ಬಹುಪಾಲು ಆಮ್ಲವನ್ನು ಮೂಳೆಯೇ ನುಂಗುತ್ತದೆ. ಮೂಳೆಯ ಖನಿಜ ಹೈಡ್ರಾಕ್ಸಿಅಪಟೈಟ್. ಅದರ ಒಂದು ಘಟಕದಲ್ಲಿ 10 ಕ್ಯಾಲ್ಸಿಯಂ, 6 ಫಾಸ್ಫೇಟ್, 2 ಹೈಡ್ರಾಕ್ಸಿಲ್. ಇದಕ್ಕೆ 8 ಪ್ರೋಟಾನ್ ಕೊಟ್ಟರೆ ಕ್ಯಾಲ್ಸಿಯಂ ಬಿಡುಗಡೆ. ಎರಡು ಪ್ರೋಟಾನ್ ಹೈಡ್ರಾಕ್ಸಿಲ್ ಜೊತೆ ನೀರಾಗುತ್ತವೆ, ಆರು ಫಾಸ್ಫೇಟಿಗೆ ಸೇರಿಕೊಳ್ಳುತ್ತವೆ. ಅದಕ್ಕೇ ಪಂಪು ನಿಲ್ಲದೆ ತಿರುಗುತ್ತಿರಬೇಕು. ನಿಂತರೆ ಸ್ವಲ್ಪ ಹೊತ್ತಿಗೇ ಗುಂಡಿಯ ಹುಳಿ ಇಳಿಯುತ್ತದೆ. ಕರಗಿದ್ದನ್ನು ಕೋಶ ಹೀರಿ, ತನ್ನೊಳಗಿನಿಂದಲೇ ಸಾಗಿಸಿ ಬೆನ್ನ ಕಡೆಯಿಂದ ಬಿಡುತ್ತದೆ.

ಚಿಪ್ಪು ಬೇಡ. ಅದು ಕ್ಯಾಲ್ಸಿಯಂ ಕಾರ್ಬನೇಟ್, ಗುಳ್ಳೆ ಬಂದು ಕರಗಿಹೋಗುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಕೋಳಿ ಕಾಲಿನ ಮೂಳೆ ತರಿಸಿ. ಮಾಂಸ ಪೂರ್ತಿ ತೆಗೆದು ವಿನಿಗರ್‌ನಲ್ಲಿ ಮುಳುಗಿಸಿ ಮುಚ್ಚಿಡಿ. ಕೆಲವು ದಿನದ ಮೇಲೆ ಮೂಳೆ ರಬ್ಬರಿನ ಹಾಗೆ ಬಾಗುತ್ತದೆ. ಖನಿಜ ಹೋಗಿದೆ, ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಹಾಗೇ ಇದೆ. ಆಮ್ಲ ಒಂದರಿಂದಲೇ ಮೂಳೆ ಪೂರ್ತಿ ಹೋಗುವುದಿಲ್ಲ ಅನ್ನುವುದು ಮಕ್ಕಳಿಗೆ ಕೈಯಲ್ಲೇ ಗೊತ್ತಾಗುತ್ತದೆ. ಆ ಕೊಲಾಜೆನ್ ಕತ್ತರಿಸಲು ಆಸ್ಟಿಯೋಕ್ಲಾಸ್ಟ್ ಕ್ಯಾಥೆಪ್ಸಿನ್-ಕೆ ಎಂಬ ಎನ್‌ಜೈಮನ್ನೂ ಬಿಡುತ್ತದೆ, ಅದು ಹುಳಿಯಲ್ಲೇ ಚೆನ್ನಾಗಿ ಕೆಲಸ ಮಾಡುವಂಥದ್ದು.

ಕೋಳಿ_ಫಾರಂ_ಮದ್ದೂರು:
ಮೂಳೆ ನಾನು ಕಳಿಸಿಕೊಡುತ್ತೇನೆ ಮೇಡಂ, ಎಷ್ಟು ಬೇಕು ಹೇಳಿ. ಮೊಟ್ಟೆ ನಿಲ್ಲಿಸಿದ ಹಳೇ ಕೋಳಿಯದ್ದೋ, ಎಳೆಯದ್ದೋ?

ಹಳೇ_ಮೇಷ್ಟ್ರು_ಸರಸ್ವತಿಪುರಂ:
ಎರಡೂ ಕಳಿಸಪ್ಪ, ಬೇರೆ ಬೇರೆ ಬಾಟಲಿಯಲ್ಲಿಟ್ಟು ಯಾವುದು ಬೇಗ ಬಾಗುತ್ತದೆ ಮಕ್ಕಳೇ ನೋಡಲಿ. ಮೇಡಂ, ಎರಡು ದಿನಕ್ಕೊಮ್ಮೆ ವಿನಿಗರ್ ಚೆಲ್ಲಿ ಹೊಸದು ಹಾಕಿಸಿ. ಇಲ್ಲದಿದ್ದರೆ ಮೂಳೆಯೇ ಅದರ ಹುಳಿ ತೆಗೆದುಬಿಡುತ್ತದೆ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಬಾಟಲಿಯಲ್ಲಿ ಪಂಪು ಇಲ್ಲವಲ್ಲ.